ಬಂಡೆಯ ಮೇಲೆ ಐದು ಕಿಲೋ ಸೋನಾಮಸೂರಿ

ನಡೆದದ್ದನ್ನು ನಡೆದ ಹಾಗೆ ಹೇಳುವ ಶಕ್ತಿ ನನಗೆ ಮೊದಲ ಸಲ ಹೇಳುವಾಗ ಮಾತ್ರ ಇರುತ್ತದೆ. ಎರಡನೆಯ ಸಲಕ್ಕೆ ಅದಕ್ಕೊಂದು ಒಗ್ಗರಣೆ ಬೀಳುತ್ತದೆ, ಮೂರನೆಯ ಸಲಕ್ಕೆ ಕೊತ್ತಂಬರಿ ಸೊಪ್ಪು. ಐದನೆಯ ಸಲದ ಹೊತ್ತಿಗೆ ಪಾತ್ರೆಯಲ್ಲಿ ಮೊದಲು ಇದ್ದದ್ದು ಏನು ಎಂಬುದು ನನಗೇ ಮರೆತಿರುತ್ತದೆ. ಈ ಭಯದಿಂದಲೇ ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತಿದ್ದೇನೆ. ಬರೆದದ್ದನ್ನು ತಿರುಗಿ ಓದುವ ಧೈರ್ಯ ಇಲ್ಲದಿರುವುದರಿಂದ ಅದರ ಪ್ರಯೋಜನ ಅಷ್ಟಕ್ಕಷ್ಟೆ.

ಈ ಸಲದ ಈದ್ ರಜೆಯಲ್ಲಿ ನಾನು ಟರ್ಕಿಯ ಮೆಡಿಟರೇನಿಯನ್ ಕರಾವಳಿಯಲ್ಲಿ ಒಬ್ಬನೇ ಐದು ದಿನ ನಡೆಯಲು ಹೋದೆ. ಬೆನ್ನಿನ ಮೇಲೆ ಡೇರೆ, ಎಡಕ್ಕೆ ಬೆಟ್ಟ, ಬಲಕ್ಕೆ ಕಡಲು. ಇಂಥ ಆಸೆ ಯಾಕೆ ಹುಟ್ಟಿತು ಎಂದರೆ, ದೋಹಾದಲ್ಲಿ ನನ್ನ ಆಫೀಸಿನಲ್ಲಿ ಎಸಿ, ಕಾರಿನಲ್ಲಿ ಎಸಿ, ಮನೆಯಲ್ಲಿ ಎಸಿ. ನಾನೂ ಸೂಪರ್‌ಮಾರ್ಕೆಟ್ಟಿನ ಹೂಕೋಸೂ ಒಂದೇ ತಂಪಿನಲ್ಲಿ ಬದುಕುತ್ತಿದ್ದೇವೆ, ಹೂಕೋಸಾದರೂ ಆಗಾಗ ಬೇರೆ ಮನೆಗೆ ಹೋಗುತ್ತದೆ, ಎನ್ನುವ ಯೋಚನೆ ಒಂದು ದಿನ ಬಂದುಬಿಟ್ಟಿತು. ನನ್ನ ಹೆಂಡತಿ ಗೀತಾ ಒಂದೇ ಷರತ್ತು ಹಾಕಿದಳು. "ಎಲ್ಲಿದೀರಾ ಅಂತ ಫೋನಲ್ಲಿ ನಂಗೆ ಕಾಣ್ತಿರ್ಬೇಕು. ಚುಕ್ಕಿ ಸಮುದ್ರದೊಳಗೆ ಹೋದ್ರೆ ನಾನು ಯಾರಿಗೆ ಫೋನ್ ಮಾಡ್ಬೇಕು ಅಂತ ಬರೆದಿಟ್ಟು ಹೋಗಿ."

ಹೋಗುವ ಮೊದಲು ಅಭ್ಯಾಸವಾಗಬೇಕಲ್ಲ. ದೋಹಾ ದೋಸೆಯಂಥ ಊರು. ಇಲ್ಲಿ ನಾನು ಹತ್ತಿದ ಅತಿ ಎತ್ತರದ ಜಾಗವೆಂದರೆ ಫ್ಲೈಓವರ್, ಅದೂ ಕಾರಿನಲ್ಲಿ. ಹಾಗಾಗಿ ಅಲ್ ಹಿಲಾಲಿನ ನಮ್ಮ ಕಟ್ಟಡದ ಆರು ಮಹಡಿಯ ಮೆಟ್ಟಿಲೇ ಬೆಟ್ಟವಾಯಿತು. ಚೀಲದಲ್ಲಿ ಭಾರ ಹೊತ್ತು ಹತ್ತಬೇಕು ಎಂದು ಯೂಟ್ಯೂಬಿನ ಗುರುವೊಬ್ಬ ಹೇಳಿದ್ದ. ನಾನು ಅಡುಗೆಮನೆಯಿಂದ ಐದು ಕಿಲೋದ ಸೋನಾಮಸೂರಿ ಪ್ಯಾಕೆಟ್ಟನ್ನು ತಂದು, ಬೆನ್ನಿಗೆ ಚುಚ್ಚದಿರಲಿ ಎಂದು ಟವೆಲ್ಲಿನಲ್ಲಿ ಸುತ್ತಿ, ಚೀಲದ ತಳದ ಜಿಪ್ಪಿನೊಳಗೆ ತುರುಕಿದೆ. ಮೂರು ವಾರ ಬೆಳಿಗ್ಗೆ ಆರು ಮಹಡಿ ಮೇಲೆ, ಆರು ಮಹಡಿ ಕೆಳಗೆ. ನಾನು ಬೆವರುತ್ತ ಹತ್ತುವುದನ್ನು ನೋಡಿದವರೆಲ್ಲ ಲಿಫ್ಟು ಕೆಟ್ಟಿದೆ ಎಂದುಕೊಂಡು ನನ್ನ ಹಿಂದೆಯೇ ಮೆಟ್ಟಿಲು ಹತ್ತತೊಡಗಿದ್ದರಿಂದ ವಾಚ್‌ಮನ್ ಕೊನೆಗೆ ಲಿಫ್ಟಿನ ಬಾಗಿಲಿಗೆ 'ಕೆಲಸ ಮಾಡುತ್ತಿದೆ' ಎಂದು ಚೀಟಿ ಅಂಟಿಸಬೇಕಾಯಿತು.

ಮುಂದಿನದನ್ನು ಓದುಗರು ಊಹಿಸಿರಬಹುದು. ನಾನು ಊಹಿಸಿರಲಿಲ್ಲ. ಡೇರೆ, ಬಟ್ಟೆ, ಒಲೆ, ಗೀತಾ ಕೊಟ್ಟ ಚಟ್ನಿಪುಡಿಯ ಡಬ್ಬಿ ಎಲ್ಲವನ್ನೂ ಚೀಲದ ಮೇಲಿನ ಬಾಯಿಂದ ತುಂಬಿದೆ. ಎತ್ತಿದಾಗ ಭಾರವೆನಿಸಿತು. ಆದರೆ ಮೂರು ವಾರದಿಂದಲೂ ಅದು ಭಾರವಾಗಿಯೇ ಇತ್ತಲ್ಲ. ಎರಡನೆಯ ದಿನ ಮಧ್ಯಾಹ್ನದವರೆಗೂ, ಕಡಿದಾದ ಬಂಡೆಗಳ ಮೇಲೆ ಏದುಸಿರು ಬಿಡುತ್ತ, ಏಕಾಂತವೆಂದರೆ ಇಷ್ಟು ತೂಕದ್ದೇ ಇರಬೇಕು ಎಂದು ತತ್ವ ಹೇಳಿಕೊಳ್ಳುತ್ತ ನಡೆದೆ. ಆಮೇಲೆ ಮುಖ ಒರೆಸಲು ಟವೆಲ್ಲು ಹುಡುಕಿದೆ.

ಕೆಳಗೆ ನೀಲಿ ಕಡಲು, ಸುತ್ತ ಮುಳ್ಳುಪೊದೆ, ಎದುರಿಗೆ ಒಂದು ಮೇಕೆ, ಬಂಡೆಯ ಮೇಲೆ ಐದು ಕಿಲೋ ಸೋನಾಮಸೂರಿ. ನೋಡಿ ನಗಲು ಇನ್ನೊಬ್ಬರಿರಲಿಲ್ಲ. ಒಬ್ಬನೇ ಪ್ರವಾಸ ಹೋಗುವುದರ ದೊಡ್ಡ ಕೊರತೆ ಇದೇ ಎಂದು ಆಗ ತಿಳಿಯಿತು. ಅಲ್ಲೇ ಬಿಟ್ಟು ಹೋಗಬಹುದಿತ್ತು. ಯಾವ ದೇಶದವನಾದರೂ ಬಿಟ್ಟು ಹೋಗುತ್ತಿದ್ದ. ಆದರೆ ತಟ್ಟೆಯ ಸುತ್ತ ಬಿದ್ದ ಅಗುಳನ್ನು ಆರಿಸಿ ತಿಂದ ಮೇಲೆಯೇ ಏಳಬೇಕು ಎಂದು ಮನೆಯ ಹಿರಿಯರು ನನ್ನನ್ನು ಬೆಳೆಸಿದ್ದಾರೆ. ಅಕ್ಕಿಯನ್ನು ಎಸೆದರೆ ಏನಾಗುತ್ತದೆ ಎಂದು ಅವರು ಹೇಳಿರಲಿಲ್ಲ, ಹೇಳದೆ ಇದ್ದದ್ದರಿಂದಲೇ ಭಯ ಹೆಚ್ಚು. ಪ್ಯಾಕೆಟ್ಟು ಹಿಡಿದು ಮೂರು ಸಲ ಅಂಚಿನವರೆಗೆ ಹೋಗಿ ಮೂರು ಸಲ ವಾಪಸು ಬಂದೆ. ಬೇಯಿಸೋಣವೆಂದರೆ ಇದ್ದದ್ದು ಒಂದು ಬಾಟಲಿ ನೀರು. ಮತ್ತೆ ಟವೆಲ್ಲು ಸುತ್ತಿ ಹೊತ್ತೆ. ಗೊತ್ತಿಲ್ಲದೆ ಹೊರುವಾಗ ಇಲ್ಲದ ನೋವು ಗೊತ್ತಾದ ಮೇಲೆ ಭುಜಕ್ಕೆ ಬಂತು.

ಮೂರನೆಯ ಸಂಜೆ ಒಂದು ಹಳ್ಳಿ ಸಿಕ್ಕಿತು. ಮೇಕೆ ಕಟ್ಟುತ್ತಿದ್ದ ಅಜ್ಜಿಯೊಬ್ಬಳಿಗೆ ಪ್ಯಾಕೆಟ್ಟು ಕೊಟ್ಟೆ. ಆಕೆ ಒಂದು ಹಿಡಿ ಅಕ್ಕಿಯನ್ನು ಅಂಗೈಯಲ್ಲಿಟ್ಟು ಊದಿ ನೋಡಿ, ನನ್ನನ್ನು ತೋಳು ಹಿಡಿದು ಒಳಗೆ ಕರೆದೊಯ್ದು, ಬೆಣ್ಣೆ ಹಾಕಿ ಅನ್ನ ಮಾಡಿ ಬಡಿಸಿದಳು. ಚಟ್ನಿಪುಡಿಯನ್ನು ಬಾಯಿಗಿಟ್ಟು ಕೆಮ್ಮಿದಳು, ಕಣ್ಣೊರೆಸಿಕೊಂಡು ಮತ್ತೆ ಕೈ ಚಾಚಿದಳು. ಆ ರಾತ್ರಿಯೂ ಮರುರಾತ್ರಿಯೂ ನಾನು ಮಲಗಿದ್ದು ಅವಳ ಜಗಲಿಯಲ್ಲಿ.

ದೋಹಾಕ್ಕೆ ಮರಳಿದ ಶುಕ್ರವಾರ ನಮ್ಮ ಮನೆಯಲ್ಲಿ ಊಟಕ್ಕೆ ಸೇರಿದ ನಾಲ್ಕೈದು ಕನ್ನಡದ ಮನೆಯವರು ಕಡಲಿನ ಬಗ್ಗೆ ಕೇಳಲಿಲ್ಲ. "ಊಟಕ್ಕೆ ಏನ್ ಮಾಡ್ಕೊಂಡ್ರಿ?" ಎಂದು ಕೇಳಿದರು. "ಅಕ್ಕಿ ತಗೊಂಡು ಹೋಗಿದ್ದೆ" ಎಂದೆ. ಇದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಮುಂದಿನ ಶುಕ್ರವಾರ ಅದು "ಎಲ್ಲಿಗೆ ಹೋದ್ರೂ ನಮ್ಮ ಅಕ್ಕಿ ಕೈಲಿರ್ಬೇಕು ಕಣ್ರೀ" ಎಂದಾಯಿತು. ಅದರ ಮುಂದಿನ ವಾರಗಳಲ್ಲಿ ಕಾಡುಹಂದಿ ಬಂತು, ಜಗಲಿ ಹೋಯಿತು, ನಾಲ್ಕೂ ರಾತ್ರಿ ಡೇರೆಯಾಯಿತು. ವಿಚಿತ್ರವೆಂದರೆ, ಹೊರಡುವ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು, ಅಕ್ಕಿಯ ಪ್ಯಾಕೆಟ್ಟಿನ ಮೇಲೆ ಕೈಯಿಟ್ಟು ಗಂಭೀರವಾಗಿ ಯೋಚಿಸಿದ್ದು ನನಗೆ ಈಗ ಸ್ಪಷ್ಟವಾಗಿ ನೆನಪಿದೆ. ಕಿಟಕಿಯಿಂದ ಬೀಳುತ್ತಿದ್ದ ಬಿಸಿಲು ಕೂಡ ಕಾಣುತ್ತದೆ. ಗೀತಾ ಮಾತ್ರ ಸಾರಿನ ಪಾತ್ರೆಯತ್ತಲೇ ನೋಡುತ್ತ ಬಡಿಸುತ್ತಿದ್ದಳು.

ಹೀಗೆ ಕೇಳುತ್ತಿದ್ದವರಲ್ಲಿ ಹಮೀದಾಕ ಒಬ್ಬರು. ಬಂಟ್ವಾಳದ ಕಡೆಯವರು, ನಮ್ಮ ಕಟ್ಟಡದಲ್ಲೇ ಇರುವವರು, ಮೂವತ್ತು ವರ್ಷದಿಂದ ಇಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿದ್ದಾರೆ, ವರ್ಷದ ಕೊನೆಗೆ ಊರಿಗೆ ಖಾಯಮ್ಮಾಗಿ ಹೊರಟಿದ್ದಾರೆ. "ಹೋಗುವ ಮೊದಲು ನಾನೂ ಅಲ್ಲಿಗೆ ಒಬ್ಬನೇ ಹೋಗುದು" ಎಂದರು. "ಮೂವತ್ತು ವರ್ಷ ರೂಮಲ್ಲಿ ಆರು ಜನ, ಶಾಪಲ್ಲಿ ನಾಲ್ಕು ಜನ. ಒಬ್ಬನೇ ಇದ್ದದ್ದು ಬಾತ್‌ರೂಮಲ್ಲಿ ಮಾತ್ರ. ಅಲ್ಲಿಯೂ ಹೊರಗಿಂದ ಒಬ್ಬ ಬಾಗಿಲು ಬಡೀತಾ ಇರ್ತಾನೆ, ಯಲ್ಲಾ ಯಲ್ಲಾ ಅಂತ."

ಟಿಕೆಟ್ಟೂ ಆಯಿತು. ಒಂದು ಬೆಳಿಗ್ಗೆ ನೋಡಿದರೆ ಹಮೀದಾಕ ನಮ್ಮ ಕಟ್ಟಡದ ಮೆಟ್ಟಿಲಲ್ಲಿ ದೊಡ್ಡ ಚೀಲ ಹೊತ್ತು ಹತ್ತುತ್ತಿದ್ದಾರೆ. ಅವರ ಬಲ ಮೊಣಕಾಲು ಮೊದಲೇ ಅಷ್ಟು ಸರಿಯಿಲ್ಲ. "ಅಕ್ಕಿ ಹಾಕಿದ್ದೇನೆ" ಎಂದರು. "ನಿಮ್ಮ ಬಿಳಿ ಅಕ್ಕಿ ನಮಗೆ ಆಗುದಿಲ್ಲ. ಕುಚ್ಚಲಕ್ಕಿ." ಬೇಯಲು ಗಂಟೆಗಟ್ಟಲೆ ಹಿಡಿಯುವ ಆ ಅಕ್ಕಿ, ನೀರಿಲ್ಲದ ಆ ಬಂಡೆ, ಈ ಮೊಣಕಾಲು, ಮೂರೂ ನನ್ನ ಕಣ್ಣ ಮುಂದೆ ಬಂದವು. ನಾನು ನಿಜ ಹೇಳದಿದ್ದರೆ ಇವರು ಮುರಿದ ಕಾಲಿನೊಂದಿಗೆ ಊರಿಗೆ ಹೋಗುತ್ತಾರೆ. ಹೇಳಿದರೆ ನನ್ನ ಶುಕ್ರವಾರಗಳು ಖಲಾಸ್. ನಾಲ್ಕು ದಿನ ಲಿಫ್ಟಿನಲ್ಲಿ ಓಡಾಡಿ ತಪ್ಪಿಸಿಕೊಂಡೆ. ನಾಲ್ಕನೆಯ ರಾತ್ರಿ ದಿನಚರಿ ತೆರೆದೆ. ಆ ಎರಡನೆಯ ದಿನದ ಪುಟದಲ್ಲಿ ಇದ್ದದ್ದು ಮೂರೇ ಪದ: 'ಅಕ್ಕಿ. ಅಯ್ಯೋ ಮಂಕೆ.' ಅಡುಗೆಮನೆಯ ಬಿಸಿಲಿನ ಸುದ್ದಿಯೇ ಇಲ್ಲ.

ಮರುದಿನ ನಾಲ್ಕನೆಯ ಮಹಡಿಯ ತಿರುವಿನಲ್ಲಿ ಹಮೀದಾಕ ಕೂತು ಮೊಣಕಾಲು ತಿಕ್ಕುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಒಪ್ಪಿಕೊಂಡೆ. ಟವೆಲ್ಲು, ಅಜ್ಜಿ, ಜಗಲಿ, ಇಲ್ಲದ ಕಾಡುಹಂದಿ. ಅವರು ಕೊನೆಯವರೆಗೂ ತಲೆಯಾಡಿಸುತ್ತ ಕೇಳಿದರು.

"ಗೊತ್ತುಂಟು ಮಾರಾಯ್ರೆ" ಎಂದರು. "ನೀವು ಹೋದ ದಿನವೇ ಗೀತಕ್ಕ ಫೋನ್ ಮಾಡಿದ್ರು. ಮನೆಯ ಅಕ್ಕಿ ಟರ್ಕಿಗೆ ಹೋಯ್ತು, ಬರುವಾಗ ಒಂದು ಪ್ಯಾಕೆಟ್ ತನ್ನಿ ಅಂತ. ಪಾಪ, ನಗೆಯಲ್ಲಿ ಅವರಿಗೆ ಮಾತೇ ಬರ್ತಾ ಇರಲಿಲ್ಲ."

"ಗೊತ್ತಿದ್ದೂ ಯಾಕೆ ಅಕ್ಕಿ ಹೊತ್ರಿ?"

"ನೀವು ಯಾವಾಗ ಬಾಯಿ ಬಿಡ್ತೀರಿ ಅಂತ ನೋಡ್ಲಿಕ್ಕೆ. ಮೊದಲ ದಿವಸವೇ ಹೇಳ್ತೀರಿ ಅಂತ ನಾನು. ಒಂದು ವಾರ ಆದ್ರೂ ಹೇಳ್ಲಿಕ್ಕಿಲ್ಲ ಅಂತ ಗೀತಕ್ಕ." ಅವರು ಚೀಲದ ಜಿಪ್ಪು ಎಳೆದರು. ಒಳಗೆ ಎರಡು ತಲೆದಿಂಬು. "ಕಾಲು ನೋವಿದ್ದವ ಅಕ್ಕಿ ಹೊರ್ತಾನಾ? ನೀವೊಮ್ಮೆ ಚೀಲ ತೆರೆದು ನೋಡಬಹುದಿತ್ತಲ್ಲ."

ಚೀಲ ತೆರೆದು ನೋಡುವುದು ನನ್ನ ಜಾತಕದಲ್ಲೇ ಇಲ್ಲ.

ಹಮೀದಾಕ ಹೋಗಿದ್ದಾರೆ. ಸಣ್ಣ ಚೀಲ, ಡೇರೆ ಇಲ್ಲ, ರಾತ್ರಿ ಹಳ್ಳಿ ಮನೆಗಳಲ್ಲಿ ಮಲಗುತ್ತ ದಿನಕ್ಕೆ ಎರಡು ಗಂಟೆ ನಡೆಯುತ್ತಾರಂತೆ. ನಿನ್ನೆ ಒಂದು ಫೋಟೋ ಬಂತು. ಬಂಡೆ, ಕಡಲು, ಅವರ ಎರಡು ಚಪ್ಪಲಿ. ಇಲ್ಲಿನ ಅರಬ್ಬಿಯಲ್ಲಿ ಹೇಳುವಂತೆ ಮನುಷ್ಯರು ಮಾಫಿ, ಒಬ್ಬರೂ ಇಲ್ಲ. ಊಟಕ್ಕೆ ಬಂದವರಿಗೆ ಅದನ್ನು ತೋರಿಸಿದೆ. "ಈ ವಯಸ್ಸಲ್ಲಿ ಇಷ್ಟು ಹಗುರಾಗಿ ಹೋಗೋದು ಹೇಗೆ ಗೊತ್ತಾಯ್ತು ಅವ್ರಿಗೆ?" ಎಂದು ಯಾರೋ ಕೇಳಿದರು. ಗೀತಾ ಸಾರಿನ ಸೌಟು ಹಿಡಿದು ನಿಂತಳು. ನಾನು ನಿಜವನ್ನೇ ಹೇಳಬೇಕೆಂದು ಬಾಯಿ ತೆರೆದೆ.

"ಹೋಗೋ ಮುಂಚೆ ನನ್ನ ಹತ್ರ ಬಂದಿದ್ರು" ಎಂದೆ. "ಅಕ್ಕಿ ಒಂದನ್ನ ಮಾತ್ರ ಹೊರಬೇಡಿ ಅಂತ ನಾನೇ ಹೇಳಿದ್ದು."