ಶಶಿಕಲಾಗೆ ಇಷ್ಟವಾದ ಸ್ಯಾಂಡ್‌ವಿಚ್

ಮಧ್ಯಾಹ್ನ ಒಂದು ಗಂಟೆಯಾದರೂ ಕಾಗೆ ಎಡೆ ಮುಟ್ಟಲಿಲ್ಲ.

ಉಪ್ಪಾರಹಳ್ಳಿಯ ಹನುಮಂತರಾಜು ಅವರ ಹೆಂಡತಿ ಶಶಿಕಲಾ ತೀರಿಕೊಂಡು ಅವತ್ತಿಗೆ ಒಂದು ವರ್ಷ. ತಾರಸಿ ಮೇಲೆ ಬಾಳೆಎಲೆಯಲ್ಲಿ ಒಬ್ಬಟ್ಟು, ಚಿತ್ರಾನ್ನ, ವಡೆ ಎಲ್ಲ ಇತ್ತು. ಎರಡು ಕಾಗೆಗಳು ನೀರಿನ ಟ್ಯಾಂಕಿನ ಮೇಲೆ ಕೂತು, ಟಿಕೆಟ್ ತಗೊಳ್ಳದ ಪ್ಯಾಸೆಂಜರುಗಳ ಥರ ಬೇರೆ ಕಡೆ ನೋಡುತ್ತಿದ್ದವು. ಕೆಳಗೆ ಮೂವತ್ತು ಜನ ನೆಂಟರು ಹಸಿದು ಕೂತಿದ್ದರು.

"ಅವಳಿಗೆ ಇಷ್ಟವಾಗಿದ್ದು ಯಾವ್ದೋ ಬಿಟ್ಟೋಗಿದೆ ಕಣ್ಲಾ," ಅಂದರು ಗುಬ್ಬಿಯಿಂದ ಬಂದಿದ್ದ ಅಕ್ಕ ಚಿಕ್ಕಗಂಗಮ್ಮ. "ಏನಿಷ್ಟ ಅವಳಿಗೆ? ನೆನಪು ಮಾಡ್ಕೊ."

ಹನುಮಂತರಾಜು ಯೋಚಿಸಿದರು. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಕುಣಿಗಲ್ ರೂಟಿನಲ್ಲಿ ಯಾರು ಎಲ್ಲಿ ಇಳೀತಾರೆ ಅಂತ ಮುಖ ನೋಡಿಯೇ ಹೇಳುತ್ತಿದ್ದರು. ಹೆಂಡತಿಗೆ ಏನಿಷ್ಟ ಅಂತ ಹೊಳೆಯಲಿಲ್ಲ. ಅವರಿಗೆ ಇಷ್ಟವಾದದ್ದನ್ನೇ ಅವಳು ದಿನಾ ಮಾಡಿ ಹಾಕುತ್ತಿದ್ದಳು.

"ಸ್ಯಾಂಡ್‌ವಿಚ್, ಅಂಕಲ್," ಅಂದಳು ಪಕ್ಕದ ಮನೆ ಶಿಲ್ಪಾ. "ಗುರುವಾರ ಗುರುವಾರ ಹೋಗಿ ತಿಂದ್ಬರ್ತಿದ್ರಲ್ಲ. ಎಲ್ಲಿ, ಯಾವ್ದು ಅಂತ ನಾನೂ ಕೇಳ್ಲಿಲ್ಲ."

ಆಗ ನೆನಪಾಯಿತು. "ನೀವೂ ಬರ್ತೀರಾ?" ಅಂತ ಶಶಿಕಲಾ ಎಷ್ಟೋ ಸಲ ಕೇಳಿದ್ದಳು. ಬ್ರೆಡ್ ತಿನ್ನೋಕೆ ನನಗೇನು ಜ್ವರ ಬಂದಿದೆಯಾ ಅಂತ ಇವರು ಪೇಪರ್ ಮಡಿಸಿ ಮಲಗುತ್ತಿದ್ದರು.

ಶಿಲ್ಪಾಳ ಗಂಡ ಗುರುಪ್ರಕಾಶ್ ಕಾಲೇಜು ಲೆಕ್ಚರರ್. ಎದುರಿಗೆ ಯಾರಾದರೂ ಸುಮ್ಮನೆ ನಿಂತರೆ ಪಾಠ ಶುರು ಮಾಡುವ ಮನುಷ್ಯ.

"ಸ್ಯಾಂಡ್‌ವಿಚ್ ಅನ್ನೋದು ಇಂಗ್ಲೆಂಡಲ್ಲಿ ಒಂದೂರು. ಆ ಊರಿನ ಹೆಸರಲ್ಲಿ ಒಬ್ಬ ದೊರೆ ಇದ್ದ. ಇಸ್ಪೀಟಾಟ ಬಿಟ್ಟು ಏಳೋಕಾಗ್ದೆ, ಎರಡು ಬ್ರೆಡ್ ಮಧ್ಯ ಮಾಂಸ ಇಟ್ಕೊಂಡು ತಿಂದನಂತೆ."

"ಇಸ್ಪೀಟಾಡೋನ ತಿಂಡೀನ ಎಡೆಗಿಡ್ತೀರಾ?" ಚಿಕ್ಕಗಂಗಮ್ಮ ಕೆನ್ನೆ ಬಡಿದುಕೊಂಡರು.

"ಕ್ಲಬ್ ಸ್ಯಾಂಡ್‌ವಿಚ್ ಅಂತ ಇದೆ, ಮೂರು ಬ್ರೆಡ್ಡಿಂದು. ಅದೂ ಅಮೆರಿಕದ ಜೂಜಿನ ಕ್ಲಬ್ಬಲ್ಲಿ ಹುಟ್ಟಿದ್ದು ಅಂತಾರೆ."

"ಜೂಜು ಬಿಟ್ಟು ಇನ್ನೇನೂ ಇಲ್ವೇನಪ್ಪಾ ಅದ್ರಲ್ಲಿ?"

"ಬಾಂಬೆ ಸ್ಯಾಂಡ್‌ವಿಚ್ ಇದೆ. ಆಲೂಗಡ್ಡೆ, ಬೀಟ್‌ರೂಟು, ಹಸಿರು ಚಟ್ನಿ. ಗಿರಣಿ ಕೆಲಸದೋರಿಗೆ ಅಂತ ಶುರುವಾಗಿದ್ದಂತೆ."

"ದುಡಿಯೋರ ಊಟ. ಅದನ್ನೇ ತಗೊಂಬಾ, ಹೋಗು," ಅಂತ ಅಕ್ಕ ಅಪ್ಪಣೆ ಮಾಡಿದರು.

ಹನುಮಂತರಾಜು ಪಂಚೆ ಮೇಲೆತ್ತಿ ಕಟ್ಟಿ, ಸ್ಕೂಟರ್ ಹತ್ತಿ, ಮೂರು ಬೇಕರಿ ಸುತ್ತಿ ಬಾಂಬೆ ಸ್ಯಾಂಡ್‌ವಿಚ್ ತಂದರು. ಎಲೆ ಮೇಲಿಟ್ಟ ಕೂಡಲೇ ಒಂದು ಕಾಗೆ ಹಾರಿ ಬಂತು. ಎಲ್ಲರೂ ಉಸಿರು ಬಿಗಿ ಹಿಡಿದರು. ಕಾಗೆ ಬೀಟ್‌ರೂಟನ್ನು ಎಳೆದು ಹನುಮಂತರಾಜು ಅವರ ಬಿಳಿ ಅಂಗಿ ಮೇಲೆ ಎಸೆದು, ಬ್ರೆಡ್ಡಿಗೆ ಚುಚ್ಚಿದ್ದ ಕಡ್ಡಿಯನ್ನು ಕಚ್ಚಿಕೊಂಡು ಹಾರಿಹೋಯಿತು.

"ಮುಟ್ತಲ್ಲ! ಬಡಿಸ್ರಪ್ಪಾ!" ಅಂತ ಹಸಿದ ನೆಂಟರು ಕೂಗಿದರು.

"ಕಡ್ಡಿ ಮುಟ್ಟಿದ್ರೆ ಆಯ್ತಾ? ಇನ್ನೊಂದು ಥರದ್ದು ತಗೊಂಬಾರ್ಲಾ," ಅಂದರು ಚಿಕ್ಕಗಂಗಮ್ಮ.

ಎದೆ ಮೇಲೆ ಬೀಟ್‌ರೂಟಿನ ಕೆಂಪು ಕಲೆ. ದಾರಿಯಲ್ಲಿ ಇಬ್ಬರು ಗಾಡಿ ನಿಲ್ಲಿಸಿ, "ಏನ್ ಸಾರ್, ಆಕ್ಸಿಡೆಂಟಾ?" ಅಂದರು. ಶೆಟ್ಟಿಹಳ್ಳಿಯ ಒಂದು ಪುಟ್ಟ ಸ್ಯಾಂಡ್‌ವಿಚ್ ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸುವಾಗ ಅಕ್ಕನ ಫೋನ್ ಬಂತು.

"ನೀನು ಆಚೆ ಹೋಗಿದ್ದೇ ತಡ, ಕಾಗೆ ಬಂದು ಚಿತ್ರಾನ್ನ ತಿಂತು ಕಣೋ! ನಾವು ಊಟಕ್ಕೆ ಕೂತ್ವಿ. ವಾಪಸ್ ಬಂದ್ಬುಡು."

ಹನುಮಂತರಾಜು ಗಾಡಿ ತಿರುಗಿಸಲಿಲ್ಲ. ಈಗ ಕಾಗೆಗಲ್ಲ, ಅವರಿಗೇ ಗೊತ್ತಾಗಬೇಕಿತ್ತು. ಒಳಗೆ ಹೋಗಿ ಫೋನಿನಲ್ಲಿದ್ದ ಫೋಟೋ ತೋರಿಸಿದರು.

"ಇವರು ಇಲ್ಲಿಗೆ ಬರ್ತಿದ್ರಾ, ಅಮ್ಮಾ?"

ಅಂಗಡಿಯ ನೇತ್ರಾವತಿ ಮುಖ ಅರಳಿಸಿದಳು. "ಶಶಿಯಕ್ಕ! ಎಲ್ಲಿ ಸಾರ್ ಇವರು? ವರ್ಷದ ಮೇಲಾಯ್ತು ಬಂದು. ಚೆನ್ನಾಗಿದಾರಾ?"

ಹನುಮಂತರಾಜು ಫೋನ್ ಜೇಬಿಗೆ ಹಾಕಿಕೊಂಡು, "ಯಾವ ಸ್ಯಾಂಡ್‌ವಿಚ್ ತಿಂತಿದ್ರು?" ಅಂದರು.

"ಒಂದೇ ಅಂತ ಇಲ್ಲ ಸಾರ್. ವಾರಕ್ಕೊಂದು ಥರ. ಅರ್ಧ ತಿಂದು, 'ಇದು ನಮ್ಮೆಜಮಾನ್ರಿಗೆ ಹಿಡಿಸ್ತಿತ್ತು', 'ಇದಕ್ಕೆ ಅವರು ಖಾರ ಸಾಲ್ದು ಅಂತಿದ್ರು' ಅಂತ ಅವರದೇ ಮಾತು. ಇನ್ನರ್ಧ ತಟ್ಟೇಲೇ ಬಿಟ್ಟು ಹೋಗೋರು."

ಹನುಮಂತರಾಜು ಬೆಂಚಿನ ಮೇಲೆ ಕೂತರು.

"ಅವರನ್ನೂ ಒಂದಿನ ಕರ್ಕೊಂಬನ್ನಿ ಅಕ್ಕ ಅಂದಿದ್ದೆ," ನೇತ್ರಾವತಿ ದನಿ ತಗ್ಗಿಸಿದಳು. "'ಅವರೆಲ್ಲಿ ಬರ್ತಾರಮ್ಮ, ಅವರಿಲ್ಲ' ಅಂದ್ಬಿಟ್ರು. ಪಾಪ, ಗಂಡ ಹೋಗಿ ಎಷ್ಟು ವರ್ಷ ಆಗಿತ್ತೋ! ಅವತ್ತಿಂದ ನಾನು ಆ ಮಾತೇ ಎತ್ತಲಿಲ್ಲ. ನೀವು ಅವರಿಗೇನಾಗ್ಬೇಕು ಸಾರ್?"

ಹನುಮಂತರಾಜು ಕೈಯಿಂದ ಅಂಗಿಯ ಕಲೆ ಮುಚ್ಚಿಕೊಂಡರು.

"ಪಕ್ಕದ್ಮನೆಯವನು," ಅಂದರು.

"ಹಂಗಾದ್ರೆ ನಾನು ಕೇಳ್ದೆ ಅಂತ ಹೇಳಿ ಸಾರ್. ಈ ಗುರುವಾರ ಬರ್ಲೇಬೇಕಂತೆ ಅನ್ನಿ."

"ಹೇಳ್ತೀನಮ್ಮ," ಅಂದರು ಹನುಮಂತರಾಜು.