ಶಾಲೆಯ ಹಿಂದಿನ ಬದನೆ ಸಾಲು

೧. ನಕ್ಷೆ

ಹೆಡ್‌ಮೇಡಂ ಒಂದು ಚಾರ್ಟು ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದರು. ಗೋದಾವರಿ ಕಡೆಯವರು, ಮನೆ ಮಾತು ತೆಲುಗು. ಹೊಳಗುಂದದ ಹತ್ತಿರದ ನಮ್ಮೂರ ಶಾಲೆಗೆ ಬಂದು ಒಂದು ವರ್ಷ, ಕನ್ನಡ ಅರ್ಧ ಬಂದಿತ್ತು. ಶಾಲೆಗೂ ನನ್ನ ಮನೆಗೂ ನಡುವೆ ಬೇಲಿ ಒಂದೇ.

"ತಾತಗಾರು, ಶಾಲೆ ಹಿಂದೆ ಮಕ್ಕಳ ಕೈಯಲ್ಲಿ ತೋಟ ಮಾಡಿಸ್ತೀನಿ. ಇಲ್ಲಿ ಬಾಳೆ, ಇಲ್ಲಿ ತೆಂಗು. ಬಾಗುಂದಾ? ಚೆನ್ನಾಗಿದೆಯಾ?"

ಚಿತ್ರ ಚೆನ್ನಾಗಿತ್ತು. ಬಣ್ಣ ಹಚ್ಚಿದ್ದರು.

"ಮೇಡಂ, ನಮ್ಮೂರಾಗ ಬಾಳಿಹಣ್ಣು ತಳ್ಳೋ ಬಂಡಿ ಮ್ಯಾಗ ಬೆಳಿತೈತಿ," ಅಂದೆ. "ಬದನಿ ಹಾಕ್ರಿ."

ಅಷ್ಟರಲ್ಲಿ ಶಾಲೆ ಕಮಿಟಿಯ ಚೇರ್ಮನ್ ಬಂದ. ಹತ್ತಿ ವ್ಯಾಪಾರಿ, ಹಣೆ ತುಂಬ ವಿಭೂತಿ. ಈರಣ್ಣನ ಗುಡಿಯ ಪೂಜೆ ಅವನ ಮನೆಯದು. ಶಾಲೆಯ ಹಿಂದಿನ ಜಾಗಕ್ಕೆ ಸಿಮೆಂಟು ಹಾಕಿಸಿ ಭಾಷಣದ ಕಟ್ಟೆ ಕಟ್ಟಿಸಬೇಕೆಂದು ಅವನ ಆಸೆ.

"ದೀಪಾವಳಿತನ ನೋಡ್ತೀನಿ. ಅಷ್ಟ್ರಾಗ ನಿಮ್ಮ ತೋಟದ ಕಾಯಿಪಲ್ಯ ಹುಡುಗ್ರ ಮಧ್ಯಾಹ್ನದ ಸಾಂಬಾರಿನ್ಯಾಗ ನನ್ನ ಕಣ್ಣಿಗೆ ಬೀಳ್ಬೇಕು. ಇಲ್ಲಾಂದ್ರ ಸಿಮೆಂಟು."

"ಬೀಳ್ತೈತಿ," ಅಂದೆ.

ಮೇಡಂ ಮುಖ ಸಪ್ಪಗಾಗಿತ್ತು. ಸಿಮೆಂಟಿಗೋ, ಬಾಳೆ ಹೋದದ್ದಕ್ಕೋ ತಿಳಿಯಲಿಲ್ಲ.

೨. ಗೊಬ್ಬರ

ನಮ್ಮ ಕಡೆ ಬಿತ್ತುವ ಮುಂಚೆ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಮಂದೆ ಒಂದು ರಾತ್ರಿ ಅಲ್ಲೇ ಮಲಗಿದರೆ ನೆಲಕ್ಕೆ ಗೊಬ್ಬರ, ಕುರಿಯವನಿಗೆ ಜೋಳ. ಐದನೇ ಕ್ಲಾಸಿನ ಒಬ್ಬ ಹುಡುಗಿಯ ಅಪ್ಪನಿಗೆ ಕುರಿ ಇದ್ದವು. ಕೇಳಿದೆ.

"ಜೋಳ ಬ್ಯಾಡ್ರಿ," ಅಂದ. "ಮಗಳಿಗೆ ಮಗ್ಗಿ ಬರವಲ್ದು. ಅದನ್ನ ಕಲಿಸ್ರಿ, ಸಾಕು."

ಆ ರಾತ್ರಿ ಮಂದೆ ಶಾಲೆಯ ಹಿಂದೆ ಮಲಗಿತು. ಬೆಳಿಗ್ಗೆ ನೋಡಿದರೆ ಗೊಬ್ಬರ ಚೆನ್ನಾಗಿ ಬಿದ್ದಿತ್ತು. ವರಾಂಡದ ಗೋಡೆಗೆ ಹಚ್ಚಿದ್ದ ಮೇಡಂ ಚಾರ್ಟು ಮಾತ್ರ ಇರಲಿಲ್ಲ. ಮೈದಾ ಅಂಟಿನಲ್ಲಿ ಹಚ್ಚಿದ್ದರು, ಕುರಿಗೆ ರುಚಿ ಹತ್ತಿದೆ. ಬಾಳೆ, ತೆಂಗು ಎಲ್ಲ ಸಾಫ್. ಮೂಲೆಯಲ್ಲಿ ಒಂದು ಚೂರು ಉಳಿದಿತ್ತು, ಅದರಲ್ಲಿ ಮೇಡಂ ಸಹಿ.

ಮೇಡಂ ಪಕ್ಕದಲ್ಲಿ ಕುರಿಯವನು ಅದನ್ನೇ ನೋಡುತ್ತ ನಿಂತ.

"ನಿಮ್ಮ ಬಾಳಿ ಚಲೋ ಬಂದಿತ್ತು ಕಾಣ್ತೈತ್ರಿ ಮೇಡಂ," ಅಂದ.

೩. ಶೇಂಗಾ

ಬದನೆ ನಿಧಾನ. ಮಕ್ಕಳಿಗೆ ಬೇಗ ಮೊಳಕೆ ಕಾಣಲಿ ಎಂದು ಬದುವಿನ ಮೇಲೆ ಶೇಂಗಾ ಹಾಕಿಸಿದೆ. ತಲೆಗೆ ಒಂದು ಹಿಡಿ ಬೀಜ. ವಾರ ಕಳೆದರೂ ಎದ್ದದ್ದು ಮೂರೇ ಸಸಿ.

"ಬೀಜ ಹಾಕೀರೇನು?"

"ಹಾಕೀವ್ರಿ ತಾತ."

"ಎಲ್ಲಿ ಹಾಕೀರಿ?"

ಒಬ್ಬ ಹೊಟ್ಟೆ ಸವರಿಕೊಂಡ.

ಬಿತ್ತುವ ಆಳುಗಳಿಗೂ ಬೀಜ ತಿನ್ನುವ ಇದೇ ಚಟ. ಮದ್ದು ನನಗೆ ಗೊತ್ತು. ಮತ್ತೆ ಬೀಜ ತಂದೆ, ಬೇವಿನ ಸೊಪ್ಪಿನ ರಸದಲ್ಲಿ ಹೊರಳಿಸಿ ಕೊಟ್ಟೆ. ಒಬ್ಬ ಬಾಯಿಗೆ ಹಾಕಿ ಉಗುಳಿದ. ಕೆಲಸ ಆಯಿತು ಅಂದುಕೊಂಡೆ.

ಮರುದಿನ ಮಿಕ್ಕ ಬೀಜ ಬಿತ್ತಲು ಬಂದಾಗ ಎಲ್ಲರ ಜೇಬಿನಲ್ಲೂ ಬೆಲ್ಲ. ಯುಗಾದಿ ಇನ್ನೂ ಬಹಳ ದೂರವಿತ್ತು.

೪. ಮೊದಲ ಕಾಯಿ

ಬದನೆ ಸಸಿಯನ್ನು ಯಾರೂ ತಿನ್ನಲಿಲ್ಲ. ಅದಕ್ಕೇ ಉಳಿಯಿತು.

ದೀಪಾವಳಿಗೆ ನಾಲ್ಕು ದಿನ ಇದ್ದಾಗ ಗಿಡದ ತುಂಬ ಎಳೆಗಾಯಿ. ಶಾಲೆಯಲ್ಲಿ ಅಡಿಗೆ ಮಾಡುವ ಹೆಂಗಸು ನೋಡಿ, "ನಾಳಿ ಸಾಂಬಾರಿಗೆ ಇವೇ," ಅಂದಳು. ಮೇಡಂ ಚೇರ್ಮನ್‌ಗೆ ಹೇಳಿ ಕಳಿಸಿದರು.

ಮರುದಿನ ಆಕಿ ಬುಟ್ಟಿ ಹಿಡಿದು ಹೋದರೆ ಒಂದು ಕಾಯಿಯೂ ಇಲ್ಲ. ಹಿಂದೆಯೇ ಚೇರ್ಮನ್ ಬಂದ. ಗಿಡ ನೋಡಿದ, ನನ್ನನ್ನು ನೋಡಿದ.

"ಏನ್ರಿ ಯಜಮಾನ್ರ, ಬೀಳ್ತೈತಿ ಅಂದಿದ್ರಿ."

ನಾನು ಎಲೆ ಸರಿಸಿ ಸರಿಸಿ ಹುಡುಕಿದೆ.

"ನಾಳಿ ಮೇಸ್ತ್ರಿನ ಕಳಿಸ್ತೀನಿ," ಅಂದ.

ಮೇಡಂ ಮಕ್ಕಳ ಕಡೆ ತಿರುಗಿದರು. "ಎವರು ಕೋಸಾರು? ಯಾರು ಕಿತ್ತಿದ್ದು?"

ಕುರಿಯವನ ಮಗಳು ಕೈ ಎತ್ತಿದಳು. ಆಕಿ ಹಿಂದೆ ಇಡೀ ಕ್ಲಾಸು ಎತ್ತಿತು.

"ನಾವರಿ. ಮುಂಜಾನಿ ಎದ್ದು ಕಿತ್ತು ಈರಣ್ಣನ ಗುಡಿಗೆ ಕೊಟ್ಟೀವ್ರಿ. ಮೊದಲ್ನೇ ಕಾಯಿ ದೇವ್ರಿಗೆ ಕೊಡದ ನಾವ್ ಹೆಂಗ ತಿನ್ನಾದ್ರಿ?"

ಅದು ಊರಿನ ಪದ್ಧತಿ, ಬೈಯುವಂತಿಲ್ಲ. ನಾನೂ ಕೊಡುತ್ತೇನೆ, ಒಂದು ಕಾಯಿ. ಇವರು ಸಾಲನ್ನೇ ಬೋಳಿಸಿದ್ದರು.

ದೇವರ ಮುಂದೆ ಇಟ್ಟದ್ದು ಪೂಜೆಯವರ ಅಡಿಗೆಮನೆಗೆ ಹೋಗುತ್ತದೆ. ಅದೂ ಪದ್ಧತಿ.

"ಗುಡ್ಯಾಗ ಯಾರ ಕೈಯಾಗ ಕೊಟ್ರವ್ವಾ?" ಅಂದೆ.

"ಇವರ ಮನಿ ಅಮ್ಮಾರ ಕೈಯಾಗರಿ." ಹುಡುಗಿ ಚೇರ್ಮನ್ ಕಡೆ ಬೆರಳು ಮಾಡಿದಳು.

ನಾನು ಚೇರ್ಮನ್ ಕಡೆ ತಿರುಗಿದೆ.

"ಮುಂಜಾನಿ ಏನ್ ಉಂಡಿಯಪ್ಪಾ?" ಅಂದೆ.

"ರೊಟ್ಟಿ."

"ರೊಟ್ಟಿ ಜೋಡಿ?"

ಮೀಸೆ ಒರೆಸಿಕೊಂಡ. "ಬದನಿ ಎಣಗಾಯಿ."

"ಹೆಂಗಿತ್ತಣ್ಣಾ?" ಎಂದು ಕೇಳಿದಳು ಅಡಿಗೆಯಾಕಿ, ಖಾಲಿ ಬುಟ್ಟಿ ಹಿಡಿದುಕೊಂಡೇ.

"ಎರಡು ಸಲ ಹಾಕಿಸ್ಕೊಂಡೆ," ಅಂದ.

ಆ ದಿನ ಮಕ್ಕಳಿಗೆ ಬರೀ ಬೇಳೆ ಸಾರು. ಮರುದಿನ ಮೇಸ್ತ್ರಿ ಬರಲಿಲ್ಲ.