ಯುದ್ಧ ನೋಡೋ ವಯಸ್ಸು

ಊರಲ್ಲಿ ಯಾರಿಗೂ ಬೇಡವಾದ ಕೆಲಸ ಒಂದು ಹುಟ್ಟಿತು ಅಂದ್ರೆ, ಅದು ದಾರಿ ಕೇಳ್ಕೊಂಡು ಮೇಷ್ಟ್ರ ಮನೆಗೇ ಬರುತ್ತೆ. ಜನ ಎಣಿಸೋದು, ಸಿಡುಬಿನ ಚುಚ್ಚುಮದ್ದಿಗೆ ಮಕ್ಕಳನ್ನ ಹಿಡಿದು ತರೋದು, ಗಂಡ ಹೆಂಡಿರ ಜಗಳದಲ್ಲಿ ಇಬ್ಬರಿಗೂ ಸರಿ ಅನ್ನೋದು, ಎಲ್ಲಾ ಮಾಡಿದೀನಿ. ನಾನು ಗುಂಡ್ಲುಪೇಟೆ ಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರು. ಮೊದಲನೇ ಎಲೆಕ್ಷನ್ ಮುಗಿದು ಒಂದೆರಡು ವರ್ಷ ಆಗಿರಬೇಕು, ಒಂದು ಯುದ್ಧದ ಸಿನಿಮಾವನ್ನ ಮಕ್ಕಳು ನೋಡಬಹುದೋ ಬಾರದೋ ಅಂತ ತೀರ್ಪು ಹೇಳೋ ಕೆಲಸಾನೂ ಹಾಗೇ ಬಂತು. ಅದು ಬಂದಿದ್ದು ಚಾಮರಾಜನಗರದಿಂದ.

೧. ಬಾಳೆ ತೋಟದ ಕಾಳಗ

ಚಾಮರಾಜನಗರದಲ್ಲಿ ಒಂದು ಟೆಂಟು ಸಿನಿಮಾ ಬೀಡು ಬಿಟ್ಟಿತ್ತು. ಹಳೇ ಕಾಲದ ರಾಜರ ಕಥೆ. ಮೊದಲಿಂದ ಕೊನೇವರೆಗೂ ಕತ್ತಿ, ಈಟಿ, ಆನೆ, ಕುದುರೆ. ಮಧ್ಯೆ ಉಸಿರಾಡೋಕೆ ಅಂತ ಒಂದೆರಡು ಹಾಡು. ಅಲ್ಲಿನ ಸ್ಕೂಲ್ ಹುಡುಗರು ಶನಿವಾರ ಅದನ್ನ ನೋಡಿದ್ರು. ಭಾನುವಾರ ಊರಾಚೆ ಒಬ್ಬ ಯಜಮಾನರ ಬಾಳೆ ತೋಟಕ್ಕೆ ನುಗ್ಗಿ, ಕುಡುಗೋಲಲ್ಲಿ ಸಾಲಿಗೆ ಸಾಲೇ ಉರುಳಿಸಿದ್ರು.

ಸೋಮವಾರ ಯಜಮಾನರು ಎಳೇ ಗೊನೆ ಒಂದನ್ನ ಹೆಗಲ ಮೇಲೆ ಹೊತ್ಕೊಂಡು ಸ್ಕೂಲಿಗೆ ಬಂದ್ರು. ಬೈಯಲಿಲ್ಲ. ಗೊನೇನ ಹೆಡ್ ಮೇಷ್ಟ್ರ ಮೇಜಿನ ಮೇಲಿಟ್ಟು ಕೇಳಿದ್ರು. "ಬಾಳೆ ಓದ್ರೆ ಓಗ್ಲಿ ಸಾಮಿ, ಮತ್ತೆ ಕಂದು ಬತ್ತದ. ಆದ್ರ ಯುದ್ಧ ಅಂದ್ಮೇಲೆ ಎರಡು ಕಡೆ ಇರ್ಬೇಕಲ್ವಾ? ಇವ್ರೆಲ್ಲ ಒಂದೇ ಕಡೆ ನಿಂತ್ಕಂಡು ನನ್ ಬಾಳೆ ಮ್ಯಾಲೆ ಯಾಕ್ ಬಿದ್ರು? ಅಷ್ಟು ಕೇಳಿ ಸಾಕು."

ಸೇನಾಪತಿಯಾಗಿದ್ದ ಹುಡುಗನನ್ನ ಕರೆಸಿದ್ರು. ಅವನು ಕೈಕಟ್ಟಿ ನಿಂತು ಹೇಳಿದ. "ಶತ್ರು ಆಗಕ್ಕೆ ಯಾರೂ ಒಪ್ನಿಲ್ಲ ಸಾ. ಬಾಳೆ ಗಿಡ ಮಾತ್ರ ಏನೂ ಅನ್ನಿಲ್ಲ."

೨. ರಕ್ತದ ಬಣ್ಣ

ಆ ಸ್ಕೂಲಿನವರು ಮಕ್ಕಳು ಟೆಂಟಿನ ಕಡೆ ತಲೆ ಹಾಕಬಾರದು ಅಂದ್ಬಿಟ್ರು. ಟೆಂಟಿನ ಯಜಮಾನ ಗೂಟ ಕಿತ್ತು, ಗಾಡಿಗೆ ಹೇರ್ಕೊಂಡು ಗುಂಡ್ಲುಪೇಟೆಗೆ ಬಂದ. ಹಂಗಳದ ರಸ್ತೆ ಪಕ್ಕ, ರಾಗಿ ಹೊಲದ ಅಂಚಲ್ಲಿ ಟೆಂಟು ಎದ್ದಿತು. ಆದರೆ ಬಾಳೆ ತೋಟದ ಸುದ್ದಿ ಬಸ್ಸಲ್ಲಿ ಅವನಿಗಿಂತ ಮೊದಲೇ ಬಂದಿಳಿದಿತ್ತು.

ಮನುಷ್ಯ ನೇರವಾಗಿ ನಮ್ಮ ಹೆಡ್ ಮೇಷ್ಟ್ರ ರೂಮಿಗೇ ಬಂದು ಕೈಮುಗಿದ. "ಬುದ್ಧಿ, ಮಕ್ಕಳು ಬರ್ನಿಲ್ಲ ಅಂದ್ರೆ ತಾಯಂದ್ರೂ ಬರಲ್ಲ. ತಾಯಂದ್ರು ಬರ್ನಿಲ್ಲ ಅಂದ್ರೆ ಗಂಡಸ್ರು ಬಂದು ಬೀಡಿ ಸೇದ್ಬುಟ್ಟು ಮನಿಕತಾರೆ. ಇಲ್ಲೂ ಬ್ಯಾಡ ಅಂದ್ಬುಟ್ರೆ ಈ ಟೆಂಟು ಇಲ್ಲೇ ಮಾರ್ಬುಟ್ಟು, ನಮ್ಮಪ್ಪನಂಗೆ ತೆರಕಣಾಂಬಿ ಸಂತೇಲಿ ದನ ಹಿಡ್ಕಂಡು ನಿಂತ್ಕತೀನಿ."

ನಮ್ಮ ಹೆಡ್ ಮೇಷ್ಟ್ರು ಮೈಸೂರಿನ ಕಡೆಯವರು. ಕೋಟು, ಪೇಟ, ಮಾತೆಲ್ಲ ಇಸ್ತ್ರಿ ಮಾಡಿದ ಹಾಗೆ. ಅವಸರದ ತೀರ್ಮಾನ ತಗೊಳ್ಳೋರಲ್ಲ. ಮೂರು ಜನ ನೋಡಿ ತೀರ್ಪು ಹೇಳೋಣ ಅಂದ್ರು. ಒಬ್ಬರು ಅವರು. ಇನ್ನೊಬ್ಬರು ಊರಿನ ದವಸದ ಸಾಹುಕಾರ್ರು, ಯಾಕಂದ್ರೆ ಅವರ ಮೊಮ್ಮಗಳು ನಮ್ಮಲ್ಲಿ ಎರಡನೇ ಕ್ಲಾಸು, ಮತ್ತೆ ಅವರು ಹೂಂ ಅಂದ್ರೆ ಊರು ಹೂಂ ಅನ್ನೋದು. ಮೂರನೆಯವನು ನಾನು, ಯಾಕಂದ್ರೆ ಬಾಗಿಲ ಹತ್ತಿರ ನಿಂತಿದ್ದೆ.

"ನನ್ನದು ಒಂದೇ ನಿಯಮ," ಅಂದ್ರು ಹೆಡ್ ಮೇಷ್ಟ್ರು. "ಚಿತ್ರದಲ್ಲಿ ರಕ್ತ ಕಾಣಿಸಿದರೆ ಮಕ್ಕಳಿಗೆ ಬೇಡ."

"ಕಪ್ಪು ಬಿಳುಪಿನ ಚಿತ್ರ ಸಾರ್," ಅಂದೆ. "ರಕ್ತಾನೂ ಕಪ್ಪಗೇ ಇರುತ್ತೆ."

ಅವರು ಕನ್ನಡಕ ತೆಗೆದು, ಒರೆಸಿ, ಹಾಕ್ಕೊಂಡ್ರು. ನಮ್ಮ ಸ್ಕೂಲಿನ ಹುಡುಗರ ಅಂಗಿ, ಕೈ, ಕೆನ್ನೆ ಎಲ್ಲ ಅವರ ಕಣ್ಣ ಮುಂದೆ ಬಂದಿರಬೇಕು.

"ಹಾಗಾದ್ರೆ ಅದು ಇಂಕಿನ ಲೆಕ್ಕ," ಅಂದ್ರು. "ಅದಕ್ಕೆ ಅಡ್ಡಿಯಿಲ್ಲ."

೩. ಸತ್ತವರ ಊಟ

ಅವತ್ತು ಸಂಜೇನೇ ಮೂವರೂ ಹೋದ್ವಿ. ಟೆಂಟಲ್ಲಿ ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ಗಣ್ಯರಿಗೆ ಕುರ್ಚಿ. ನಾವು ಆವತ್ತಿನ ಮಟ್ಟಿಗೆ ಗಣ್ಯರು.

ಮೊದಲನೇ ಕತ್ತಿ ಒರೆಯಿಂದ ಆಚೆ ಬಂದಿದ್ದೇ ತಡ, ಸಾಹುಕಾರ್ರು ಕಣ್ಣು ಮುಚ್ಚಿ, ಕೊರಳಿನ ಲಿಂಗದ ಕರಡಿಗೆಯನ್ನ ಮುಷ್ಟಿಯಲ್ಲಿ ಹಿಡ್ಕೊಂಡ್ರು. ವ್ಯಾಪಾರದಲ್ಲಿ ಗಟ್ಟಿಗರು. ಆದರೆ ಮನೇಲಿ ಸೊಳ್ಳೆ ಹೊಡೆದ್ರೂ ಎದ್ದು ಆಚೆ ಹೋಗೋರು.

"ಆಯ್ತಾ ಮೇಷ್ಟ್ರೆ?"

"ಇನ್ನೂ ಆಗ್ತಾ ಇದೆ."

"ಯಾರು ಬಿದ್ರು?"

"ಮಂತ್ರಿ."

"ಒಳ್ಳೇವ್ನೋ ಕೆಟ್ಟವ್ನೋ?"

"ಗೊತ್ತಾಗೋ ಮುಂಚೆನೇ ಬಿದ್ದ."

"ಶಿವ ಶಿವ. ಮುಗಿದ ಮೇಲೆ ಹೇಳಿ."

ಹೀಗೆ ಅರ್ಧ ಸಿನಿಮಾ ಅವರು ನನ್ನ ಬಾಯಲ್ಲೇ ನೋಡಿದ್ರು. ಮಂತ್ರಿ ಆದಮೇಲೆ ಸೇನಾಪತಿ ಬಿದ್ದ. ಅವನ ತಮ್ಮನೂ ಬಿದ್ದ. ಅಷ್ಟು ಹೊತ್ತಿಗೆ ರೀಲು ಮುಗಿದು ದೀಪ ಬಂತು. ಇರೋದು ಒಂದೇ ಮಿಷನ್ನು, ರೀಲು ಬದಲಾಯಿಸೋವರೆಗೂ ಕಾಯಬೇಕು. ಆಪರೇಟರಿಗೆ ಮೂವರು ಪಂಚರು ಬಂದು ಕೂತಿದ್ದಾರೆ ಅಂತ ಮೊದಲೇ ಗಾಬರಿ. ಆ ಗಾಬರಿಯಲ್ಲಿ ಮುಂದಿನ ರೀಲಿನ ಬದಲು ಹಿಂದಿನ ಯಾವುದನ್ನೋ ಎತ್ತಿ ಹಾಕ್ಬಿಟ್ಟ.

ದೀಪ ಆರಿತು. ಪರದೆ ಮೇಲೆ ಅರಮನೆ. ಮದುವೆ ಊಟ. ಸತ್ತ ಮಂತ್ರಿ, ಸತ್ತ ಸೇನಾಪತಿ, ಸತ್ತ ತಮ್ಮ ಮೂವರೂ ಸಾಲಾಗಿ ಕೂತು ಹೋಳಿಗೆ ಹೊಡೀತಿದ್ದಾರೆ.

ಗದ್ದಲ ನಿಂತಿದ್ದು ಕೇಳಿ ಸಾಹುಕಾರ್ರು ಕಣ್ಣು ಬಿಟ್ರು. ಬಹಳ ಹೊತ್ತು ನೋಡಿದ್ರು. ಆಮೇಲೆ ನನ್ನ ತೊಡೆ ತಟ್ಟಿದ್ರು. "ಸುಮ್ನೆ ಎದ್ರಿಸ್ಬುಟ್ರಲ್ಲ ಮೇಷ್ಟ್ರೆ. ಎಲ್ಲಾ ಉಣ್ತಾ ಅವ್ರೆ. ಮಕ್ಕಳು ಬರ್ಲಿ ಬುಡಿ."

೪. ಅಜ್ಜಿಯ ಅಭಿಪ್ರಾಯ

ಹೆಡ್ ಮೇಷ್ಟ್ರಿಗೆ ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ಸಿನಿಮಾದ ಗುಣ ನೋಡೋದಕ್ಕಿಂತ ಮಕ್ಕಳ ಗುಣ ನೋಡಬೇಕು ಅಂದ್ರು. ಒಂದು ದಿನ ಮಕ್ಕಳನ್ನೇ ಕೂರಿಸಿ ಪರೀಕ್ಷೆ. ಮಕ್ಕಳು ದೊಡ್ಡವರ ಜೊತೆಯಲ್ಲೇ ಬರತಕ್ಕದ್ದು ಅಂತ ಬಾಗಿಲಲ್ಲಿ ಬೋರ್ಡು ಬರೆಸಿದ್ರು. ಬರೆದವನು ನಾನೇ. ಟೆಂಟಿನ ಯಜಮಾನನನ್ನ ಪಕ್ಕಕ್ಕೆ ಕರೆದು ಹೇಳಿದ್ರು. "ನೋಡಪ್ಪ, ಒಂದೇ ಒಂದು ಮಗು ಹೆದರಿ ಎದ್ದರೂ, ಮಾರನೇ ಬೆಳಗ್ಗೆ ನೀನು ಟೆಂಟು ಬಿಚ್ಚತಕ್ಕದ್ದು." ಅವನು ಮುಖ ಒಣಗಿಸ್ಕೊಂಡು ಹೋದ.

ಮನೆಮನೆಗೆ ಹೇಳಿ ಬರೋ ಕೆಲಸ ನನ್ನದು. ಪಕ್ಕದ ಹಳ್ಳಿ ಹಂಗಳದಲ್ಲಿ ಒಬ್ಬಜ್ಜಿ ಹುಣಸೆಹಣ್ಣು ಕುಟ್ಟುತ್ತಾ ಕೂತಿದ್ರು.

"ಯುದ್ಧ ಅಂದ್ರೆ ಏನ್ ಮಾಡ್ತರಪ್ಪ ಅದ್ರಲ್ಲಿ?"

"ಎರಡು ಕಡೆಯವರು ಹೊಡೆದಾಡ್ತಾರೆ ಅಜ್ಜಿ."

"ಯಾತಕ್ಕ?"

"ಭೂಮಿಗೆ."

ಅಜ್ಜಿ ಕುಟ್ಟೋದು ನಿಲ್ಲಿಸಿ, ಬೇಲಿ ಆಚೆ ಮನೆ ಕಡೆಗೂ ತಮ್ಮ ಮಗನ ಕಡೆಗೂ ನೋಡಿದ್ರು. "ಇವ್ರೂ ಒಲದ ಬದೂಗ ಅಂತ ದಿನಾ ಅದನ್ನೇ ಮಾಡ್ತರ. ಮಕ್ಕಳು ಕಂಡಿರದೇ ಅದು. ಕರ್ಕಂಡೋಗಿ, ರಾಜ್ರೂ ಇಂಗೇ ಅಂತ ಗೊತ್ತಾಗ್ಲಿ."

೫. ಬೆನ್ನ ಹಿಂದಿನ ಆನೆ

ಪರೀಕ್ಷೆಯ ದಿನ ಟೆಂಟು ತುಂಬಿತು. ನೆಲದಲ್ಲಿ ಮಕ್ಕಳು, ಬೆಂಚಿನ ಮೇಲೆ ಅವರ ಜೊತೆ ಬಂದ ದೊಡ್ಡವರು. ಹೆಡ್ ಮೇಷ್ಟ್ರು ನಮ್ಮ ಮೂರು ಕುರ್ಚಿಗಳನ್ನ ಪರದೆಯ ಬುಡದಲ್ಲಿ, ಪರದೆಗೆ ಬೆನ್ನು ಮಾಡಿ ಹಾಕಿಸಿದ್ರು. ಮಕ್ಕಳ ಮುಖ ನೋಡಿದ್ರೆ ತಾನೆ ಭಯ ಗೊತ್ತಾಗೋದು. ಈ ಏರ್ಪಾಡು ಸಾಹುಕಾರ್ರಿಗೆ ಬಹಳ ಹಿಡಿಸ್ತು. ಕಣ್ಣು ಮುಚ್ಚೋ ಶ್ರಮ ಇರಲಿಲ್ಲ.

ಕಾಳಗ ಶುರುವಾಯ್ತು. ಮಕ್ಕಳು ಕಡಲೇಕಾಯಿ ಬಿಡಿಸ್ತಾ ಇದ್ರು. ಮಂತ್ರಿ ಬಿದ್ದ ಸದ್ದಾದಾಗ ಸಾಹುಕಾರ್ರ ಮೊಮ್ಮಗಳು ಪಕ್ಕದವಳ ಹತ್ತಿರ ಬೆಲ್ಲ ಕೇಳಿದಳು.

"ಆ ತುದಿಯ ಹುಡುಗ ಬಾಯಿ ಬಿಟ್ಕೊಂಡು ಕೂತಿದ್ದಾನೆ. ಭಯವೇ?" ಅಂತ ಹೆಡ್ ಮೇಷ್ಟ್ರು ಪಿಸುಗುಟ್ಟಿದ್ರು.

"ಇಲ್ಲ ಸಾರ್. ಗಣಿತದ ಪೀರಿಯಡ್ಡಲ್ಲೂ ಹಾಗೇ ಇರ್ತಾನೆ."

ಇಲ್ಲೊಂದು ವಿಷಯ ಹೇಳಬೇಕು. ಅದು ರಾಗಿ ತೆನೆ ಕಟ್ಟೋ ಕಾಲ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಆನೆ ಇಳಿದು ಬರೋ ಕಾಲ. ಸಂಜೆಯಾದ್ರೆ ಹೊಲ ಹೊಲದಲ್ಲೂ ಅಟ್ಟಣೆ ಮೇಲೆ ಕಾವಲು. ಒಬ್ಬ ಆನೆ ಸದ್ದು ಕೇಳಿ ಡಬ್ಬ ಬಡಿದ ಅಂದ್ರೆ, ಕೇಳಿಸ್ಕೊಂಡೋರೆಲ್ಲ ಬಡೀಬೇಕು, ಊರೋರು ಪಂಜು ಹಿಡ್ಕೊಂಡು ಓಡಿ ಬರಬೇಕು. ಯಾಕೆ ಏನು ಅಂತ ಕೇಳೋ ಹಾಗಿಲ್ಲ. ಅದು ನಮ್ಮ ಕಡೆಯ ಕಟ್ಟುಪಾಡು.

ಟೆಂಟಿನ ಯಜಮಾನ ಅವತ್ತು ಯುದ್ಧದ ಸದ್ದು ಊರಿಗೆಲ್ಲ ಕೇಳಲಿ ಅಂತ, ಹೊರಗಿನ ಕಂಬದ ಮೇಲೆ ಹಾಡು ಹಾಕೋ ಹಾರ್ನನ್ನ ಆಟ ಶುರುವಾದ್ರೂ ಆಫ್ ಮಾಡದೆ ಹಾಗೇ ಬಿಟ್ಟಿದ್ದ. ಪರದೆ ಮೇಲೆ ಆನೆ ಪಡೆ ಬಂತು. ಎಲ್ಲಾ ಆನೆಗಳೂ ಒಟ್ಟಿಗೆ ಘೀಳಿಟ್ಟವು. ಹಾರ್ನು ಅದನ್ನ ರಾಗಿ ಹೊಲದ ಮೇಲೆ ಬಿಟ್ಟಿತು.

ಅಟ್ಟಣೆ ಮೇಲಿದ್ದೋರು ಡಬ್ಬ ಬಡಿದ್ರು. ಪಕ್ಕದ ಹೊಲದೋರು ಬಡಿದ್ರು. ಅದರಾಚೆಯೋರು ಪಟಾಕಿ ಹಚ್ಚಿದ್ರು. ಅಲ್ಲಿವರೆಗೆ ಸಿನಿಮಾ ಆನೆ ನೋಡ್ತಾ ನೆಮ್ಮದಿಯಾಗಿದ್ದ ಬೆಂಚಿನೋರಿಗೆ ಆ ಡಬ್ಬದ ಸದ್ದು ಕೇಳಿಸ್ತು. ಡಬ್ಬ ಬಡಿದ ಮೇಲೆ ಆನೆ ಬಂದಿದೆ ಅಂತಲೇ ಅರ್ಥ.

"ನಮ್ ಒಲಕ್ಕೆ ಬಿದ್ವು ಕಣ್ಲಾ, ಏಳ್ರುಲಾ."

ಬೆಂಚು ಉರುಳಿದವು. ಕಡಲೇಕಾಯಿ ಮಾರೋನ ಡಬ್ಬ ಯಾರೋ ಕಿತ್ಕೊಂಡು ಬಡೀತಾ ಓಡಿದ್ರು. ಕಡಲೇಕಾಯಿ ಮಾರೋನು ಡಬ್ಬದ ಹಿಂದೆ ಓಡಿದ. ನಮ್ಮ ಮೂವರ ಸ್ಥಿತಿ ಇನ್ನೂ ಬೇರೆ. ಎದುರಿಗೆ ಜನ ಆನೆ ಆನೆ ಅಂತ ಓಡ್ತಿದ್ದಾರೆ. ಬೆನ್ನ ಹಿಂದೆ, ಕಿವಿಯ ಬುಡದಲ್ಲೇ, ಆನೆ ಘೀಳಿಡ್ತಿದೆ. ಸಾಹುಕಾರ್ರು ಕುರ್ಚಿ ಕೆಳಕ್ಕೆ ಹೋದ್ರು. ಹೆಡ್ ಮೇಷ್ಟ್ರು ಟೆಂಟಿನ ನಡುಗಂಬ ಹತ್ತಿದ್ರು. ಕೋಟು ಹಾಕ್ಕೊಂಡು ಅದನ್ನ ಹೇಗೆ ಹತ್ತಿದ್ರು ಅನ್ನೋದು ಅವರಿಗೂ ಗೊತ್ತಿಲ್ಲ. ನಾನು ಪರದೆಯ ಹಿಂದಕ್ಕೆ ನುಗ್ಗಿದೆ. ಅಲ್ಲೂ ಆನೆಗಳೇ ಇದ್ದವು. ಆ ಕಡೆಯಿಂದ ಎಡಕ್ಕೆ ಹೋಗ್ತಿದ್ದೋವು ಈ ಕಡೆಯಿಂದ ಬಲಕ್ಕೆ ಹೋಗ್ತಿದ್ದವು, ಅಷ್ಟೇ ವ್ಯತ್ಯಾಸ.

ಸ್ವಲ್ಪ ಹೊತ್ತಿಗೆ ಹೊಲದ ಕಾವಲಿನೋರು ಪಂಜು ಹಿಡ್ಕೊಂಡು ಏದುಸಿರು ಬಿಡ್ತಾ ಟೆಂಟಿನೊಳಗೆ ನುಗ್ಗಿದ್ರು. "ಎತ್ತಗೋದ್ವು ಆನೆ? ಎತ್ತಗೋದ್ವು?"

ಸಾಹುಕಾರ್ರ ಮೊಮ್ಮಗಳು ಪರದೆಯಿಂದ ಕಣ್ಣು ತೆಗೀದೆ ಹೇಳಿದಳು. "ಸತ್ತೋದ್ವು. ಈಗ ಕುದ್ರೆ ಬತ್ತಾ ಅವ. ಕೂತ್ಕಳಿ, ಕಾಣಕ್ಕಿಲ್ಲ."

ಆಗ ನೋಡಿದ್ವಿ. ನೆಲದಲ್ಲಿ ಮಕ್ಕಳು ಕೂತ ಹಾಗೇ ಕೂತಿದ್ರು. ಆನೆ ಎಲ್ಲಿದೆ ಅಂತ ಅವರಿಗೆ ಕಾಣ್ತಾ ಇತ್ತಲ್ಲ.

ಟೆಂಟಿನ ಯಜಮಾನ ನಡುಗಂಬದ ಬುಡಕ್ಕೆ ಬಂದು, ತಲೆ ಎತ್ತಿ, ಕೈಮುಗಿದ. "ಬುದ್ಧಿ, ಒಂದು ಮಗ ಎದ್ರೂ ಟೆಂಟು ಬಿಚ್ಚು ಅಂದಿದ್ರಿ. ಎದ್ದಿರೋರು ಯಾರು ಅಂತ ತಾವೇ ಎಲ್ಲರ್ಗಿಂತ ಮ್ಯಾಲಿಂದ ನೋಡ್ತಾ ಇದ್ದೀರಿ."

ಹೆಡ್ ಮೇಷ್ಟ್ರು ಮೇಲಿಂದಲೇ ಸಾವಕಾಶವಾಗಿ ಕಣ್ಣಾಡಿಸಿದ್ರು. "ಮಕ್ಕಳು ಕೂತಿದ್ದಾರೆ," ಅಂದ್ರು. "ಟೆಂಟು ಇರಲಿ. ಒಂದು ಏಣಿ ತರಿಸಿ."

೬. ಖಾಲಿ ಕೈ

ಮಾರನೇ ದಿನ ಬೋರ್ಡು ಅಳಿಸಿ ಹೊಸದಾಗಿ ಬರೀರಿ ಅಂದ್ರು. ಅವರು ಹೇಳಿದ ಹಾಗೇ ಬರೆದೆ. "ಈ ಚಿತ್ರವನ್ನು ಮಕ್ಕಳು ನೋಡಬಹುದು. ದೊಡ್ಡವರು ಮಕ್ಕಳ ಜೊತೆಯಲ್ಲೇ ಬರತಕ್ಕದ್ದು."

ಊರೆಲ್ಲ ಬಂತು. ಮಕ್ಕಳಿಲ್ಲದೋರು ನೆಂಟರ ಮಕ್ಕಳನ್ನ ಎರವಲು ತಂದ್ರು. ಟೆಂಟಿನ ಯಜಮಾನ ತೆರಕಣಾಂಬಿಗೆ ಹೋಗಿದ್ದು ಸಂತೇಲಿ ದನ ಹಿಡ್ಕೊಂಡು ನಿಲ್ಲೋಕಲ್ಲ, ಟೆಂಟಿಗೆ ಇನ್ನಷ್ಟು ಬೆಂಚು ತರೋಕೆ.

ಕೊನೇ ಆಟದ ದಿನ ಹೆಡ್ ಮೇಷ್ಟ್ರು ನನ್ನನ್ನ ಕರ್ಕೊಂಡು ಹೋದ್ರು. ಮೊದಲನೇ ಸಲ ರೀಲು ಅದಲುಬದಲು, ಎರಡನೇ ಸಲ ಪರದೆಗೆ ಬೆನ್ನು. ಯುದ್ಧದಲ್ಲಿ ಗೆದ್ದಿದ್ದು ಯಾರು ಅಂತ ಅವರಿಗೆ ಇನ್ನೂ ಗೊತ್ತಿರಲಿಲ್ಲ. ಕೇಳೋಕೆ ಮನಸ್ಸಿಲ್ಲ.

ಬಾಗಿಲು ಕಾಯೋನು ಕೈ ಅಡ್ಡ ಇಟ್ಟ. "ಸಾ, ಮಗ ಎಲ್ಲಿ?"

"ಯಾವ ಮಗು?"

ಅವನು ಬೋರ್ಡು ತೋರಿಸಿದ. "ಮಗ ಇಲ್ದೆ ಬುಡಂಗಿಲ್ಲ ಅಂದವ್ರೆ ಸಾ."

"ಯಾರಪ್ಪ ಅಂದಿರೋದು?"

"ಹೆಡ್ ಮೇಷ್ಟ್ರು."

ಹೆಡ್ ಮೇಷ್ಟ್ರು ಬೋರ್ಡನ್ನ ಮತ್ತೊಂದು ಸಲ ಓದಿದ್ರು. ತಪ್ಪೇನೂ ಸಿಗಲಿಲ್ಲ. ಆಜ್ಞೆ ಅಂದ್ರೆ ಆಜ್ಞೆ ಅಂತ ವಾಪಸ್ ತಿರುಗಿದ್ರು.

ಅಷ್ಟರಲ್ಲಿ ದವಸದ ಸಾಹುಕಾರ್ರು ಬಂದ್ರು. ಮೊಮ್ಮಗಳು ಮುಂದೆ, ಅವಳ ಬೆರಳು ಹಿಡ್ಕೊಂಡು ಅವರು ಹಿಂದೆ. "ಆನೆ ಬಂದಾಗ ಯೋಳ್ತೀನಿ, ಆಗ ಕಣ್ ಮುಚ್ಕೊ ತಾತ," ಅಂತ ಅವಳು ಹೇಳ್ಕೊಂಡು ಬರ್ತಿದ್ದಳು. ಬಾಗಿಲಲ್ಲಿ ನಿಂತಳು. ಹೆಡ್ ಮೇಷ್ಟ್ರನ್ನ ಪೇಟದಿಂದ ಬೂಟಿನವರೆಗೆ ನೋಡಿದಳು.

"ಬನ್ನಿ ಸಾ," ಅಂದಳು. "ಇನ್ನೊಂದು ಕೈ ಖಾಲಿ ಅದ."

ಹೆಡ್ ಮೇಷ್ಟ್ರು ಆ ಕೈ ಹಿಡ್ಕೊಂಡ್ರು. ನನಗೆ ಕೈ ಉಳಿದಿರಲಿಲ್ಲ. ಅವರ ಕೋಟಿನ ಚುಂಗು ಹಿಡ್ಕೊಂಡು ಒಳಗೆ ಹೋದೆ.